ಓದಲು ಬಾರದ ಚೀನೀ ಅಕ್ಷರವನ್ನು ನಿಘಂಟಿನಲ್ಲಿ ಹುಡುಕುವುದು ಹೇಗೆ?

ಉಚ್ಚಾರಣೆ ಗೊತ್ತಿದ್ದರೆ ತೊಂದರೆಯಿಲ್ಲ. ಚೀನಾದಲ್ಲಿ ಮನೆಮನೆಯಲ್ಲೂ ಇರುವ ‘ಶಿನ್‌ಹುವಾ’ ನಿಘಂಟಿನ ಒಳಪುಟಗಳು ರೋಮನ್ ವರ್ಣಕ್ರಮದಲ್ಲೇ ಇವೆ. ಉಚ್ಚಾರಣೆಯೇ ತಿಳಿಯದಿದ್ದಾಗ ಹಿಡಿಯಬೇಕಾದದ್ದು ‘ಬುಶೋ’ವನ್ನು, ಅಂದರೆ ಅಕ್ಷರವನ್ನು ಒಂದು ಗುಂಪಿಗೆ ಸೇರಿಸುವ ಭಾಗವನ್ನು. 1716ರ ಕಾಂಗ್‌ಶಿ ನಿಘಂಟಿನಲ್ಲಿ ಇಂಥ 214 ಗುಂಪುಗಳಿದ್ದವು. ಈಗಿನ ಶಿನ್‌ಹುವಾದಲ್ಲಿ 201.

ಸರೋವರ ಎಂಬರ್ಥದ ‘ಹು’ ಅಕ್ಷರವನ್ನೇ ತೆಗೆದುಕೊಳ್ಳಿ. ಎಡದಲ್ಲಿ ಮೂರು ಹನಿ, ನಡುವೆ ಶಿಲುಬೆಯ ಕೆಳಗೊಂದು ಚೌಕ, ಬಲದಲ್ಲಿ ಚಂದ್ರನ ಗುರುತು. ಬುಶೋ ಸಾಮಾನ್ಯವಾಗಿ ಎಡಕ್ಕೆ ಅಥವಾ ಮೇಲೆ ಇರುತ್ತದೆ, ಅರ್ಥದ ಸುಳಿವನ್ನೂ ಕೊಡುತ್ತದೆ. ಇಲ್ಲಿ ಆ ಹನಿಗಳೇ ನೀರು.

ಮೊದಲು ಬುಶೋ ಪಟ್ಟಿಯ 3 ಗೀಟಿನ (ಗೀಟು ಎಂದರೆ ಲೇಖನಿ ಎತ್ತದೆ ಒಮ್ಮೆಗೆ ಎಳೆಯುವ ಗೆರೆ) ಗುಂಪಿನಲ್ಲಿ ಹನಿಗಳನ್ನು ಹುಡುಕಿ, ಪಕ್ಕದ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ಅದು ಅಕ್ಷರಪಟ್ಟಿಯ ಪುಟ, ಅರ್ಥ ಅಲ್ಲಿರುವುದಿಲ್ಲ. ಆಮೇಲೆ ಬುಶೋ ಬಿಟ್ಟು ಉಳಿದ ಗೀಟುಗಳನ್ನು ಎಣಿಸಿ: ಶಿಲುಬೆಗೆ 2, ಚೌಕಕ್ಕೆ 3, ಚಂದ್ರನಿಗೆ 4, ಒಟ್ಟು 9. ಪಟ್ಟಿಯಲ್ಲಿ ‘9’ರ ಕೆಳಗೆ ‘ಹು’ ಸಿಗುತ್ತದೆ, ಜತೆಗೆ ಅರ್ಥವಿರುವ ಪುಟದ ಸಂಖ್ಯೆಯೂ.

ಹೊಸಬರು ಎಡವುವುದು ಆ ಚೌಕದಲ್ಲೇ. ಕಣ್ಣಿಗೆ ನಾಲ್ಕು ಬದಿ ಕಂಡರೂ ಮೇಲಿನ ಮತ್ತು ಬಲಗಡೆಯ ಗೆರೆಗಳನ್ನು ಲೇಖನಿ ಎತ್ತದೆ ಒಂದೇ ಗೀಟಿನಲ್ಲಿ ಎಳೆಯುತ್ತಾರೆ. 4 ಎಂದು ಎಣಿಸಿದರೆ ‘10’ರ ಕೆಳಗೆ ಎಷ್ಟು ತಡಕಾಡಿದರೂ ಅಕ್ಷರ ಸಿಗದು. ಹಾಗಾಗಿ ಸಿಗದಿದ್ದಾಗ ಒಂದು ಹಿಂದೆ, ಒಂದು ಮುಂದೆ ನೋಡುವ ರೂಢಿ ಒಳ್ಳೆಯದು.

ಹಳೆಯ ಕಾಂಗ್‌ಶಿ ಕ್ರಮ ಇನ್ನಷ್ಟು ಸತಾಯಿಸುತ್ತದೆ. ಅದರಲ್ಲಿ ಹನಿಗಳು 4 ಗೀಟಿನ ಗುಂಪಿಗೆ ಸೇರುತ್ತವೆ, ಏಕೆಂದರೆ ನೀರಿನ ಪೂರ್ಣರೂಪಕ್ಕೆ 4 ಗೀಟು. ಕಿವಿಯಾಕಾರದ ಭಾಗ ಎಡದಲ್ಲಿದ್ದರೆ ದಿಬ್ಬ (170ನೆಯ ಗುಂಪು), ಬಲದಲ್ಲಿದ್ದರೆ ಊರು (163ನೆಯದು). ಯಕೃತ್ತು, ಕಾಲು ಮುಂತಾದ ಅಂಗಗಳ ಎಡಗಡೆ ಕಾಣುವ ‘ಚಂದ್ರ’ ವಾಸ್ತವದಲ್ಲಿ ಮಾಂಸ, 130ನೆಯದು. ಬಾಗಿಲಿನೊಳಗೆ ಬಾಯಿ ಇರುವ ‘ವೆನ್’, ಅಂದರೆ ಪ್ರಶ್ನೆ ಕೇಳು, ಬಾಗಿಲಿನಡಿ ಸಿಗುವುದಿಲ್ಲ, ಬಾಯಿಯಡಿ ನೋಡಬೇಕು. ಪ್ರಶ್ನೆ ಕೇಳುವುದು ಬಾಯಿಯ ಕೆಲಸವಲ್ಲವೇ!

ಯಾವ ಭಾಗ ಬುಶೋ ಎಂಬುದೇ ಹೊಳೆಯದಿದ್ದರೆ ಅಕ್ಷರದ ಒಟ್ಟು ಗೀಟುಗಳನ್ನು ಎಣಿಸಿ, ಶಿನ್‌ಹುವಾದ ‘ಕಷ್ಟದ ಅಕ್ಷರ’ಗಳ ಪಟ್ಟಿಗೆ ಹೋಗಿ.