ದೆಹಲಿಗೆ ನಾಲ್ಕು ದಿನ: ಮೊದಲು ಮನೆಯಲ್ಲಿ ನಿಧಾನ ನಡೆಯುವವರನ್ನು ಕೇಳಿ

ನಮ್ಮನೆಯವರಿಗೆ ಕೇಂದ್ರ ಸರ್ಕಾರದ ನೌಕರಿ. ದೆಹಲಿಯ ಆರ್.ಕೆ. ಪುರಂ ಕ್ವಾರ್ಟರ್ಸ್‌ನಲ್ಲಿ ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ. ಎರಡೇ ಕೋಣೆಯ ಆ ಮನೆಗೆ ಪ್ರತಿ ದಸರಾ ರಜೆಯಲ್ಲೂ ಊರಿಂದ ನೆಂಟರು ಬರುತ್ತಿದ್ದರು. ಬಂದವರ ಕೈಯಲ್ಲಿ ಒಂದು ಚೀಟಿ ಇರುತ್ತಿತ್ತು. ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಲೋಟಸ್ ಟೆಂಪಲ್, ಆಗ್ರಾ, ಸಾಧ್ಯವಾದರೆ ಮಥುರಾ. ಚೀಟಿಯಲ್ಲಿ ಜಾಗಗಳೆಲ್ಲ ಇರುತ್ತಿದ್ದವು, ಜೊತೆಗೆ ಬಂದ ಜನ ಇರುತ್ತಿರಲಿಲ್ಲ. ಅಜ್ಜಿಯ ಮಂಡಿನೋವು, ಮಗುವಿನ ಮಧ್ಯಾಹ್ನದ ನಿದ್ದೆ, ಮಾವನವರ ಸಕ್ಕರೆ ಕಾಯಿಲೆ ಯಾವುದೂ ಅದರಲ್ಲಿ ಬರೆದಿರುತ್ತಿರಲಿಲ್ಲ.

ಒಂದು ವರ್ಷ ನಮ್ಮತ್ತೆಯನ್ನು ಕರೆದುಕೊಂಡು ಮೈದುನನ ಸಂಸಾರ ಬಂತು. "ಅತ್ತಿಗೆ, ಒಂದು ದಿನಕ್ಕೆ ಗಾಡಿ ಮಾಡಿಬಿಟ್ಟರೆ ಎಲ್ಲ ಮುಗಿದುಹೋಗುತ್ತೆ" ಅಂದ. ನಾನು ಬೇಡವೆನ್ನಬೇಕಿತ್ತು, ಅನ್ನಲಿಲ್ಲ. ಬೆಳಿಗ್ಗೆ ಕೆಂಪುಕೋಟೆಯ ದ್ವಾರದಿಂದ ಒಳಗಿನ ಮಹಲುಗಳವರೆಗೆ ನಡೆಯುವಷ್ಟರಲ್ಲೇ ಅತ್ತೆಗೆ ಸಾಕಾಗಿತ್ತು. ಅರ್ಧದಲ್ಲೇ ಒಂದು ಮರದ ಕೆಳಗೆ ಕುಳಿತರು. ಕುತುಬ್ ಮಿನಾರ್‌ನಲ್ಲಿ ಗಾಡಿಯಿಂದ ಇಳಿಯಲೇ ಇಲ್ಲ. ರಾತ್ರಿ ಪಾದ ಊದಿಕೊಂಡವು, ಮುಂದಿನ ಎರಡು ದಿನ ಹಾಸಿಗೆ. ಎರಡು ರಾತ್ರಿ ರೈಲಿನಲ್ಲಿ ಬಂದ ಹಿರಿಯರು ನೋಡಿದ್ದು ನಮ್ಮ ಕ್ವಾರ್ಟರ್ಸ್ ಗೋಡೆಯನ್ನು. ಊರಿಗೆ ಹೋದ ಮೇಲೆ ಒಮ್ಮೆ ನನ್ನನ್ನು ಕೇಳಿದರು, "ಆ ಕೋಟೆ ಒಳಗೆ ಕೊನೆಗೆ ಏನಿತ್ತೇ?" ಅಂತ. ಆ ಮಾತು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಅದಕ್ಕೇ ಹೇಳುತ್ತೇನೆ. ಟಿಕೆಟ್ ತೆಗೆಯುವ ಮೊದಲು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಎಲ್ಲರಿಗಿಂತ ನಿಧಾನ ನಡೆಯುವವರು ಯಾರು, ಅವರು ಒಂದೇ ಸಮನೆ ಎಷ್ಟು ಹೊತ್ತು ನಡೆಯಬಲ್ಲರು ಎಂದು ಕೇಳಿ. ಅವರು ಅರ್ಧ ಗಂಟೆ ಎಂದರೆ ನಿಮ್ಮ ಪ್ರವಾಸದ ಅಳತೆಯೂ ಅರ್ಧ ಗಂಟೆಯೇ. ದಿನಕ್ಕೆ ಎರಡು ಜಾಗ, ಬೆಳಿಗ್ಗೆ ಒಂದು, ಸಂಜೆ ಒಂದು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಕೋಣೆಗೆ ಬಂದು ಕಾಲು ಚಾಚಲೇಬೇಕು. ಇಷ್ಟು ದೂರ ಬಂದು ಮಲಗುವುದೇ ಎಂದು ಹುಡುಗರು ಗೊಣಗುತ್ತಾರೆ, ಗೊಣಗಲಿ. ಸಂಜೆ ಅಜ್ಜಿ ನಗುತ್ತಾ ಎದ್ದು ಬಂದಾಗ ಅವರಿಗೇ ಗೊತ್ತಾಗುತ್ತದೆ.

ದೆಹಲಿ ನಮ್ಮ ಊರುಗಳ ಹಾಗೆ ಒಂದು ಪೇಟೆಯ ಸುತ್ತ ಬೆಳೆದ ಊರಲ್ಲ. ಒಂದೊಂದು ಕಾಲದ ರಾಜರು ಒಂದೊಂದು ಕಡೆ ಕಟ್ಟಿದ ಊರುಗಳು ಸೇರಿ ಹರಡಿಕೊಂಡಿರುವುದು. ಕುತುಬ್ ಇರುವುದು ದಕ್ಷಿಣದ ಮೆಹ್ರೌಲಿಯಲ್ಲಿ, ಷಹಜಹಾನ್ ಕಟ್ಟಿಸಿ 1648ರಲ್ಲಿ ಮುಗಿಸಿದ ಕೆಂಪುಕೋಟೆ ಇರುವುದು ಉತ್ತರದಲ್ಲಿ ಯಮುನೆಯ ಕಡೆಗೆ, ಬ್ರಿಟಿಷರ ಹೊಸ ದೆಹಲಿ ಇವೆರಡರ ನಡುವೆ. ಕೋಟೆಯಿಂದ ಕುತುಬ್‌ಗೆ 15 ಕಿಲೋಮೀಟರಿಗೂ ಹೆಚ್ಚು, ಸಂಜೆಯ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತಾದರೂ ಆದೀತು. ಆದ್ದರಿಂದ ಒಂದು ದಿನಕ್ಕೆ ಒಂದೇ ದಿಕ್ಕು ಇಟ್ಟುಕೊಳ್ಳಿ. ಹಳೇ ದೆಹಲಿಗೆ ಹೋದ ದಿನ ಬೆಳಿಗ್ಗೆ ಕೋಟೆ, ಆಮೇಲೆ ಚಾಂದನಿ ಚೌಕದಲ್ಲಿ ಸೈಕಲ್ ರಿಕ್ಷಾ. ಕೋಟೆಯ ಎದುರಿನಿಂದ ಫತೇಪುರಿ ಮಸೀದಿಯವರೆಗಿನ ಆ ಬೀದಿಗೆ ಈಗ ಹಗಲು ಹೊತ್ತು ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಹಿರಿಯರು ರಿಕ್ಷಾದಲ್ಲಿ ಕುಳಿತೇ ಪೇಟೆ ನೋಡಬಹುದು. ಮೂಲೆಯಲ್ಲಿರುವ ಕೆಂಪು ಜೈನ ಮಂದಿರದಲ್ಲಿ ಪಕ್ಷಿಗಳ ಆಸ್ಪತ್ರೆಯಿದೆ, ಮಕ್ಕಳಿಗೆ ಕೋಟೆಗಿಂತ ಅದೇ ಹೆಚ್ಚು ನೆನಪಿರುತ್ತದೆ. ಭಾನುವಾರ ಚಾಂದನಿ ಚೌಕದ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಆ ದಿನ ಬೇಡ.

ವಾರದ ಲೆಕ್ಕ ತಪ್ಪಿದರೆ ದೆಹಲಿ ತುಂಬಾ ಕಾಡುತ್ತದೆ. ಸೋಮವಾರ ಕೆಂಪುಕೋಟೆ, ಲೋಟಸ್ ಟೆಂಪಲ್, ಅಕ್ಷರಧಾಮ, ರಾಷ್ಟ್ರೀಯ ಮ್ಯೂಸಿಯಂ, ರೈಲು ಮ್ಯೂಸಿಯಂ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಎಲ್ಲಕ್ಕೂ ರಜೆ. ಹೆಂಗಸರು ಬಟ್ಟೆ ಕೊಳ್ಳಲು ಹೋಗುವ ಸರೋಜಿನಿ ನಗರ ಮಾರ್ಕೆಟ್ಟೂ ಸೋಮವಾರ ಮುಚ್ಚಿರುತ್ತದೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಬಂಗ್ಲಾ ಸಾಹಿಬ್ ಗುರುದ್ವಾರಗಳಿಗೆ ವಾರದ ರಜೆಯಿಲ್ಲ, ಸೋಮವಾರಕ್ಕೆ ಅವನ್ನು ಇಟ್ಟುಕೊಳ್ಳಿ. ತಾಜ್ ಮಹಲ್‌ಗೆ ಶುಕ್ರವಾರ ರಜೆ. ಆಗ್ರಾಕ್ಕೆ ಹೋಗುವ ಗತಿಮಾನ್ ಎಕ್ಸ್‌ಪ್ರೆಸ್ ಕೂಡ ಶುಕ್ರವಾರ ಓಡುವುದಿಲ್ಲ. ನಾಲ್ಕೇ ದಿನವಿದ್ದು ಜೊತೆಗೆ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಆಗ್ರಾವನ್ನು ಇನ್ನೊಂದು ಸಲಕ್ಕೆ ಬಿಡಿ ಎಂದೇ ನನ್ನ ಅಭಿಪ್ರಾಯ. ಹೋಗಲೇಬೇಕೆಂದರೆ ಒಂದು ಪೂರ್ತಿ ದಿನ ಅದಕ್ಕೇ ಕೊಟ್ಟು, ಮಾರನೆಯ ಬೆಳಿಗ್ಗೆ ಖಾಲಿ ಬಿಡಿ. ಜನವರಿ 26, ಆಗಸ್ಟ್ 15ರ ಹಿಂದಿನ ದಿನಗಳಲ್ಲಿ ಕೋಟೆ, ಇಂಡಿಯಾ ಗೇಟ್ ಸುತ್ತಮುತ್ತ ಬಂದೋಬಸ್ತು ಹೆಚ್ಚು, ಆಗಲೂ ಬೇಡ.

ತಿಂಗಳ ವಿಚಾರಕ್ಕೆ ಬಂದರೆ ಫೆಬ್ರವರಿ, ಮಾರ್ಚ್ ನನಗೆ ಇಷ್ಟ. ರಾಷ್ಟ್ರಪತಿ ಭವನದ ಅಮೃತ ಉದ್ಯಾನವನ್ನು ಸಾಮಾನ್ಯವಾಗಿ ಆಗಲೇ ಜನರಿಗೆ ತೆರೆಯುತ್ತಾರೆ. ದಸರಾ ರಜೆಯಲ್ಲೂ ಹವೆ ಪರವಾಗಿಲ್ಲ. ದೀಪಾವಳಿ ಕಳೆದ ಮೇಲೆ ಗಾಳಿ ಕೆಡುತ್ತದೆ, ಉಬ್ಬಸ ಇರುವವರನ್ನು ಆಗ ಕರೆದೊಯ್ಯಬೇಡಿ. ನಮ್ಮವರು ಹೆಚ್ಚಾಗಿ ಹೊರಡುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಆದರೆ ಮೇ ತಿಂಗಳ ಅಲ್ಲಿನ ಬಿಸಿಗಾಳಿ ನಮ್ಮ ಮಲೆನಾಡಿನ ಮೈಗೆ ತಡೆಯುವುದಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದು ರೈಲು, ವಿಮಾನ ಗಂಟೆಗಟ್ಟಲೆ ತಡವಾಗುತ್ತವೆ. ಆಗ ಹೋಗುವುದಾದರೆ ಹಿಂತಿರುಗಿದ ಮರುದಿನವೇ ಆಫೀಸು ಎಂದು ಇಟ್ಟುಕೊಳ್ಳಬೇಡಿ. ಒಂದು ದಪ್ಪ ಸ್ವೆಟರ್‌ಗಿಂತ ತೆಳ್ಳಗಿನ ಮೂರು ಬಟ್ಟೆ ಒಂದರ ಮೇಲೊಂದು ಹಾಕಿದರೆ ಬೆಚ್ಚಗೆ, ಬಿಸಿಲು ಬಂದಾಗ ಒಂದನ್ನು ತೆಗೆಯಲೂಬಹುದು. ಸೀರೆ ಉಡುವವರು ಒಳಗೊಂದು ಉಲ್ಲನ್ ಲೆಗ್ಗಿಂಗ್ಸ್, ಕಾಲಿಗೆ ಸಾಕ್ಸ್ ಹಾಕಿ. ಕೊಬ್ಬರಿ ಎಣ್ಣೆ ಅಲ್ಲಿಯ ಚಳಿಗೆ ಬಾಟಲಿಯೊಳಗೆ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಒಣ ಹವೆಗೆ ತುಟಿ ಒಡೆಯುತ್ತದೆ, ರಾತ್ರಿ ಒಂದು ಬೊಟ್ಟು ತುಪ್ಪ ಹಚ್ಚಿ ಮಲಗಿದರೆ ಸಾಕು.

ರೈಲಿನ ಬುತ್ತಿಯ ಬಗ್ಗೆ ನಾನು ಸ್ವಲ್ಪ ಹಟಮಾರಿ. ಬೆಂಗಳೂರಿನಿಂದ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆಯಬೇಕು. ಮೊದಲ ರಾತ್ರಿಗೆ ಪುಳಿಯೋಗರೆ. ಅನ್ನ ಪೂರ್ತಿ ಆರಿದ ಮೇಲೇ ಗೊಜ್ಜು ಕಲಸಬೇಕು, ಬಿಸಿಯಲ್ಲಿ ಕಲಸಿ ಮುಚ್ಚಳ ಹಾಕಿದರೆ ಬೆವರಿ ಕೆಡುತ್ತದೆ. ಮಾರನೆಯ ದಿನಕ್ಕೆ ಚಪಾತಿ. ಅರ್ಧ ನೀರು ಅರ್ಧ ಹಾಲು ಹಾಕಿ ಕಲಸಿದರೆ ಮೆತ್ತಗಿರುತ್ತದೆ, ಆದರೆ ಅದನ್ನು ಮಧ್ಯಾಹ್ನದೊಳಗೆ ಮುಗಿಸಿ. ನೆಂಜಿಕೊಳ್ಳಲು ಚಟ್ನಿಪುಡಿ, ಹಸಿ ಕಾಯಿ ಹಾಕಿದ ಯಾವುದೂ ಬೇಡ. ಆಮೇಲಕ್ಕೆ ಹುರಿದ ಅವಲಕ್ಕಿ, ಕೋಡುಬಳೆ, ಬಾಳೆಹಣ್ಣು. ದೆಹಲಿ ತಲುಪಿದ ಮೇಲೆ ಮೂರು ಹೊತ್ತೂ ಪರಾಠ, ಛೋಲೆ ತಿಂದರೆ ನಮ್ಮ ಹಿರಿಯರ ಹೊಟ್ಟೆ ಕೇಳುವುದಿಲ್ಲ. ರಾಜ್ಮಾ ಚಾವಲ್, ಅಂದರೆ ಕಾಳಿನ ಗೊಜ್ಜು ಅನ್ನ, ಎಲ್ಲ ಕಡೆ ಸಿಗುತ್ತದೆ. ಇಂಡಿಯಾ ಗೇಟ್‌ಗೆ ಹತ್ತಿರದ ಆಂಧ್ರ ಭವನದ ಕ್ಯಾಂಟೀನ್‌ನಲ್ಲಿ ಅನ್ನ, ಪಪ್ಪು, ಸಾರಿನ ಊಟ ಸಿಗುತ್ತದೆ, ಸಾಲು ಉದ್ದವಿರುತ್ತದೆ, ಬೇಗ ಹೋಗಿ. ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರಿನಲ್ಲಿ, ಅಂದರೆ ಅಲ್ಲಿಯ ಅನ್ನದಾನದ ಪಂಕ್ತಿಯಲ್ಲಿ, ಒಂದು ಹೊತ್ತು ಊಟ ಮಾಡಿಸಿ. ತಲೆಗೆ ಬಟ್ಟೆ ಹೊದ್ದು, ರೊಟ್ಟಿಯನ್ನು ಎರಡೂ ಕೈಚಾಚಿ ಪಡೆದು ಎಲ್ಲರ ಜೊತೆ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಮಕ್ಕಳು ಕಲಿಯಲಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು. ಮನೆಯಿಂದ ಹೊರಗೆ ಹೊರಟ ದಿನ ನಮ್ಮ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಶೌಚಾಲಯ ಎಲ್ಲಿ ಹುಡುಕುವುದು ಎಂಬ ಸಂಕೋಚಕ್ಕೆ. ಒಂದು ಮಾರ್ಚ್‌ನಲ್ಲಿ ನನ್ನ ಅಮ್ಮ ಬೆಳಗಿನಿಂದ ಒಂದು ಗುಟುಕೂ ಕುಡಿಯದೆ ಕುತುಬ್‌ನ ಬಿಸಿಲಲ್ಲಿ ತಲೆತಿರುಗಿ ಕುಸಿದರು. ಅಕ್ಕಪಕ್ಕದವರು ನೆರಳಿಗೆ ಎತ್ತಿ ಕೂರಿಸಿ ನೀರು ಕುಡಿಸಿದರು. ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಯಾವ ಜಾಗಕ್ಕೆ ಹೋದರೂ ಟಿಕೆಟ್‌ಗಿಂತ ಮೊದಲು ಶೌಚಾಲಯ ಎಲ್ಲಿದೆ ನೋಡಿ ಬರುವುದು, ಬಂದು ಹಿರಿಯರಿಗೆ ಕೇಳುವಂತೆ ಹೇಳುವುದು. ಅವರು ಕೇಳಲಿ ಎಂದು ಕಾಯಬಾರದು. ಗೊತ್ತಾದ ಮೇಲೆ ಅವರೇ ನೀರಿನ ಬಾಟಲಿಗೆ ಕೈ ಚಾಚುತ್ತಾರೆ. ಮನೆಯ ಗಂಡುಮಕ್ಕಳಿಗೂ ಈ ಕೆಲಸ ಒಪ್ಪಿಸಿ.

ಉಳಿಯುವ ಜಾಗವನ್ನು ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲೇ ಹಿಡಿಯಿರಿ. ಊರಾಚೆ ಬಾಡಿಗೆ ಕಡಿಮೆಯೆಂದು ಹೋದವರು, ಉಳಿಸಿದ ಹಣವನ್ನೆಲ್ಲ ಆಟೋಗೆ ಸುರಿದದ್ದನ್ನು ಕಂಡಿದ್ದೇನೆ. ಕೆಲವು ರೈಲುಗಳು ನ್ಯೂ ಡೆಲ್ಲಿಗೆ, ಕೆಲವು ಹಜ್ರತ್ ನಿಜಾಮುದ್ದೀನ್‌ಗೆ ಹೋಗುತ್ತವೆ, ಟಿಕೆಟ್ ನೋಡಿಕೊಳ್ಳಿ. ನ್ಯೂ ಡೆಲ್ಲಿ ಸ್ಟೇಷನ್ನಿನಲ್ಲಿ ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ, ಪಹಾಡ್‌ಗಂಜ್ ಕಡೆ ಇಳಿದರೆ ಸಾಮಾನು ಹೊತ್ತು ಸೇತುವೆ ದಾಟಬೇಕು. ಹೊರಗೆ ಯಾರಾದರೂ "ನಿಮ್ಮ ಹೋಟೆಲ್ ಮುಚ್ಚಿದೆ, ಬೇರೆ ತೋರಿಸುತ್ತೇನೆ" ಎಂದರೆ ಮಾತಿಗೆ ನಿಲ್ಲಬೇಡಿ, ಹೋಟೆಲ್ಲಿಗೆ ನೀವೇ ಫೋನ್ ಮಾಡಿ.

2002ರ ಡಿಸೆಂಬರ್‌ನಲ್ಲಿ ಮೆಟ್ರೋ ಶುರುವಾದ ಮೇಲೆ ಆ ಊರಿನಲ್ಲಿ ಓಡಾಟ ನಮ್ಮಂಥವರಿಗೆ ಹಗುರವಾಯಿತು. ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರದು. ಲಿಫ್ಟ್ ಇರುವ ಗೇಟ್ ಬೇರೆಯೇ ಇರುತ್ತದೆ, ಸಿಬ್ಬಂದಿಯನ್ನು ಕೇಳಿ. ಆಫೀಸಿನ ಹೊತ್ತಿನಲ್ಲಿ ರಾಜೀವ್ ಚೌಕದಲ್ಲಿ ಗಾಡಿ ಬದಲಿಸುವುದನ್ನು ತಪ್ಪಿಸಿ. ನನ್ನ ಅಕ್ಕನ ಮಗ ಒಂಬತ್ತು ವರ್ಷದವನಿದ್ದಾಗ ಅಲ್ಲಿ ಬಾಗಿಲು ಮುಚ್ಚಿ ಅವನೊಬ್ಬನೇ ಒಳಗೆ ಹೋದ, ನಾವೆಲ್ಲ ಹೊರಗೆ. ಅಕ್ಕ ಕಿರುಚಿಕೊಂಡಳು. ಆದರೆ ಬೆಳಿಗ್ಗೆಯೇ ನಾನು ಅವನಿಗೆ ಹೇಳಿದ್ದೆ: "ತಪ್ಪಿಸಿಕೊಂಡರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಂತಿರು ಪುಟ್ಟ, ನಾವು ಹಿಂದಿನ ಗಾಡಿಯಲ್ಲಿ ಬರ್ತೀವಿ." ಹಾಗೇ ನಿಂತಿದ್ದ. ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿಯಿರಲಿ, ಹಿಂದಿ ಬಾರದ ಅಜ್ಜ ಅಜ್ಜಿಯರ ಜೇಬಿನಲ್ಲೂ ಇರಲಿ. ಸ್ಟೇಷನ್ ಹೆಸರು ನಂಬಿ ಹಿರಿಯರನ್ನು ನಡೆಸಬೇಡಿ. ಕುತುಬ್ ಮಿನಾರ್ ಸ್ಟೇಷನ್ನಿನಿಂದ ಗೋಪುರಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚಿದೆ, ಆಟೋ ಬೇಕು.

ಅಕ್ಷರಧಾಮಕ್ಕೆ ಒಂದು ಪೂರ್ತಿ ಸಂಜೆ ಬೇಕು. ಅಲ್ಲಿ ಮೊಬೈಲ್, ಬ್ಯಾಗು ಎಲ್ಲ ಹೊರಗೆ ಒಪ್ಪಿಸಬೇಕು. ಫೋನ್‌ನಲ್ಲೇ ದುಡ್ಡು ಕೊಟ್ಟು ರೂಢಿಯಾದವರು ಒಳಗೆ ಕೈಖಾಲಿ ನಿಲ್ಲುತ್ತಾರೆ, ಒಂದಿಷ್ಟು ನೋಟು ಇಟ್ಟುಕೊಳ್ಳಿ. ಬೇರೆಯಾದರೆ ಎಲ್ಲಿ ಸೇರುವುದೆಂದು ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತುಮಾಡಿ, ಎಲ್ಲರಿಗೂ ಬೊಟ್ಟುಮಾಡಿ ತೋರಿಸಿ.

ಚೀಟಿಯಲ್ಲಿ ಯಾರೂ ಬರೆಯದ, ನಾನು ಎಲ್ಲರಿಗೂ ತೋರಿಸುತ್ತಿದ್ದ ಜಾಗ ಚಾಣಕ್ಯಪುರಿಯ ರೈಲು ಮ್ಯೂಸಿಯಂ. ಮೈಸೂರು ಮಹಾರಾಜರ 1899ರ ಸಲೂನ್, ಅಂದರೆ ಅವರ ಪ್ರಯಾಣಕ್ಕೆಂದೇ ಇದ್ದ ಬೋಗಿ, ಅಲ್ಲಿದೆ. ಮೈಸೂರಿನ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ನೋಡಿದವರಿಗೆ ಅಷ್ಟು ದೂರದಲ್ಲಿ ಇದನ್ನು ಕಂಡಾಗ ಆಗುವ ಸಂತೋಷವೇ ಬೇರೆ. ಮಕ್ಕಳಿಗೆ ಪುಟಾಣಿ ರೈಲಿದೆ, ಹಿರಿಯರೂ ಅದರಲ್ಲೇ ಕುಳಿತು ಒಂದು ಸುತ್ತು ಬರಬಹುದು. ಮೆಟ್ರೋದ ಪಿಂಕ್ ಲೈನ್‌ನಲ್ಲಿ ಮೋತಿ ಬಾಗ್ ಸ್ಟೇಷನ್ನಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ, ದೆಹಲಿ ಕರ್ನಾಟಕ ಸಂಘದ ಕಟ್ಟಡವೂ ಆ ಕಡೆಯೇ. ಆ ಲೈನ್‌ನಲ್ಲಿ ಹೋದರೆ ಬೋರ್ಡನ್ನು ಮಕ್ಕಳ ಕೈಲಿ ಓದಿಸಿ.

ಔಷಧಿಯನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿಡಿ, ಒಂದು ಕಳೆದರೂ ಇನ್ನೊಂದಿರುತ್ತದೆ. ಹಣವನ್ನು ದಿನಕ್ಕೊಂದು ಕವರಿನಂತೆ ಹಂಚಿಟ್ಟರೆ ಎರಡನೆಯ ದಿನವೇ ಕೈ ಬರಿದಾಗುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ. ಉಳಿದವರ ಟಿಕೆಟ್ ಫೋನ್‌ನಲ್ಲೇ ತೆಗೆದರೆ ಹಿರಿಯರು ಬಿಸಿಲಿನ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಕೊನೆಯ ದಿನಕ್ಕೆ ಏನನ್ನೂ ಇಡಬೇಡಿ. ಚೆನ್ನಾಗಿದ್ದ ಜಾಗಕ್ಕೆ ಇನ್ನೊಮ್ಮೆ ಹೋಗಬೇಕೆಂದು ಯಾರಿಗಾದರೂ ಅನ್ನಿಸಿದರೆ ಹೋಗಲಿ, ಇಲ್ಲವಾದರೆ ಹುಮಾಯೂನ್ ಸಮಾಧಿಯ ಪಕ್ಕದ ಸುಂದರ್ ನರ್ಸರಿಯ ಹುಲ್ಲಿನ ಮೇಲೆ ಜಮಖಾನ ಹಾಸಿ ಕೂರಿ. ಮತ್ತೆ, ಊರಿನ ಮನೆಗೆ ಬೀಗ ಹಾಕುವ ದಿನವೇ ಒಂದು ಪಾವು ಅಕ್ಕಿ, ಒಂದು ಹಿಡಿ ತೊಗರಿಬೇಳೆ, ಸಾರಿನ ಪುಡಿಯ ಡಬ್ಬಿ ಒಲೆಯ ಪಕ್ಕ ಕೈಗೆ ಸಿಗುವ ಹಾಗೆ ಇಟ್ಟು ಹೊರಡಿ. ವಾರ ಕಳೆದು ಬಾಗಿಲು ತೆಗೆದಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ, ಬಿಸಿ ಅನ್ನ, ತಿಳಿಸಾರು.