ಆನೆ ನಾಲ್ಕು, ಹೇಸರಗತ್ತೆ ಅರವತ್ತೊಂದು

ನನ್ನ ಗಾಜಿನ ಬೀರುವಿನಲ್ಲಿ ಒಂದು ಸೈನ್ಯ ಗುಡ್ಡ ಹತ್ತುತ್ತಿದೆ. ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಇದರಲ್ಲಿ ಯುದ್ಧ ಮಾಡುವವರು ಎಲ್ಲಿ?" ಇದ್ದಾರೆ, ಆದರೆ ಹುಡುಕಬೇಕು. ಮುಂದೆ ಕಾಣುವುದು ಹೇಸರಗತ್ತೆ, ಹಿಂದೆ ಕಾಣುವುದು ಹೇಸರಗತ್ತೆ, ನಡುವೆ ಆನೆ. ಅವುಗಳ ಸಂದಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಸಿಪಾಯಿ.

ಇದು 1867–68ರ ಅಬಿಸೀನಿಯಾ ದಂಡಯಾತ್ರೆ. ಇಂದಿನ ಇಥಿಯೋಪಿಯಾ. ಹೆಚ್ಚು ಜನ ಕೇಳಿರದ ಯುದ್ಧ. ನಾನೂ ಮೊದಲು ಎಲ್ಲರಂತೆ, ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಝುಲು ಜನರಿಗೂ ನಡೆದ 1879ರ ಝುಲು ಯುದ್ಧದ ಬೊಂಬೆಗಳನ್ನೇ ಕೂಡಿಹಾಕುತ್ತಿದ್ದೆ. ಒಂದು ದಿನ ಹಳೆಯ ಚಿತ್ರವೊಂದು ಕಣ್ಣಿಗೆ ಬಿತ್ತು. ಆಫ್ರಿಕಾದ ಕಲ್ಲುಗುಡ್ಡ, ಅದರ ಮೇಲೆ ಫಿರಂಗಿ ಹೊತ್ತ ಆನೆ. ಕಿವಿ ನೋಡಿದೆ. ಚಿಕ್ಕ ಕಿವಿ, ಉಬ್ಬಿದ ಹಣೆ. ಅರೆ, ಇದು ನಮ್ಮ ಆನೆ! ಇಲ್ಲಿಗೆ ಹೇಗೆ ಬಂತು? ಆ ಪ್ರಶ್ನೆ ಹಿಡಿದು ಹೋದವನು ಝುಲು ಯುದ್ಧಕ್ಕೆ ವಾಪಸ್ ಬರಲೇ ಇಲ್ಲ.

ಕಥೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿನ ಚಕ್ರವರ್ತಿ ಎರಡನೇ ತೆವೊದ್ರೋಸ್ ಬ್ರಿಟನ್ನಿನ ವಿಕ್ಟೋರಿಯಾ ರಾಣಿಗೆ ಕಾಗದ ಬರೆದ. ಉತ್ತರ ಬರಲಿಲ್ಲ. ಸಿಟ್ಟಿಗೆದ್ದು ಬ್ರಿಟಿಷ್ ಕಾನ್ಸಲ್ ಮತ್ತು ಇನ್ನೂ ಕೆಲವು ಯುರೋಪಿಯನ್ನರನ್ನು ಸೆರೆಯಲ್ಲಿಟ್ಟ. ಅವರನ್ನು ಬಿಡಿಸಲು ಬಾಂಬೆ ಸೈನ್ಯದ ದಂಡನಾಯಕ ರಾಬರ್ಟ್ ನೇಪಿಯರ್ ಹೊರಟ. ಸುಮಾರು 13,000 ಸೈನಿಕರು, ಅವರಲ್ಲಿ ಭಾರತೀಯರೇ ಜಾಸ್ತಿ. ಅದರ ದುಪ್ಪಟ್ಟು ಆಳುಕಾಳು. ನಲವತ್ತು ಸಾವಿರ ಚಿಲ್ಲರೆ ಪ್ರಾಣಿಗಳು. ಭಾರತದಿಂದ ಹಡಗಿನಲ್ಲಿ ಹೋದ 44 ಆನೆಗಳು. ಕೆಂಪು ಸಮುದ್ರದ ಜೂಲಾ ತೀರದಲ್ಲಿ ಇಳಿದು, ಸುಮಾರು 640 ಕಿಲೋಮೀಟರ್ ಬೆಟ್ಟದ ದಾರಿ ನಡೆದು ಮಗ್ದಲಾ ಕೋಟೆ ಮುಟ್ಟಿದರು. ನಿಜವಾದ ಕಾಳಗ ನಡೆದದ್ದು ಎರಡೇ ದಿನ. 1868ರ ಏಪ್ರಿಲ್ 10ರಂದು ಅರೋಗೆ ಬಯಲಿನಲ್ಲಿ, 13ರಂದು ಕೋಟೆಯಲ್ಲಿ. ಉಳಿದ ತಿಂಗಳುಗಳೆಲ್ಲ ಹೊರುವುದು, ಇಳಿಸುವುದು, ಮತ್ತೆ ಹೊರುವುದು.

ಬೊಂಬೆ ಮಾರುವವರು ಗುಂಡು ಹಾರಿಸುವವರನ್ನು ಮಾರುತ್ತಾರೆ, ಹೊರುವವರನ್ನಲ್ಲ. ಹಾಗಾಗಿ ನನ್ನ ಸಂಗ್ರಹದ ಮುಕ್ಕಾಲು ಪಾಲನ್ನು ನಾನೇ ಮಾಡಿಕೊಳ್ಳಬೇಕಾಯಿತು.

ಅಳತೆ 1/72. ಸಿಪಾಯಿ ಒಂದು ಅಂಗುಲಕ್ಕಿಂತ ಗಿಡ್ಡ. 54 ಮಿಲಿಮೀಟರಿನ ದೊಡ್ಡ ಬೊಂಬೆಗಳ ಗತ್ತೇ ಬೇರೆ, ಒಪ್ಪುತ್ತೇನೆ. ಆದರೆ ಆ ಅಳತೆಯಲ್ಲಿ ನಾಲ್ಕು ಆನೆ ಇಟ್ಟರೆ ಬೀರು ಮುಗಿಯಿತು.

ಬ್ರಿಟಿಷ್ ಸಿಪಾಯಿಗಳದು ಸುಲಭದ ಕೆಲಸ. ಝುಲು ಯುದ್ಧದ ಪ್ಲಾಸ್ಟಿಕ್ ಬೊಂಬೆಗಳು ಕೈಯಲ್ಲೇ ಇದ್ದವಲ್ಲ. ತಲೆಯ ಮೇಲೆ ಬಿಸಿಲ ಟೋಪಿ ಇದೆ, ನಿಲುವೂ ಸರಿ. ತಪ್ಪು ಇರುವುದು ಬಂದೂಕಿನಲ್ಲಿ. 1879ರವರದು ಮಾರ್ಟಿನಿ-ಹೆನ್ರಿ, ಅದರ ಹಿಡಿಯ ಕೆಳಗೊಂದು ಸನ್ನೆ, ಅಂದರೆ ಲಿವರ್ ಇರುತ್ತದೆ. ಅಬಿಸೀನಿಯಾಕ್ಕೆ ಹೋದದ್ದು ಸ್ನೈಡರ್. ಹಳೆಯ ಎನ್‌ಫೀಲ್ಡಿನ ಹಿಂಭಾಗ ಕತ್ತರಿಸಿ ಹಿಂದಿನಿಂದ ತೋಟಾ ತುಂಬುವಂತೆ ಮಾಡಿದ ಬಂದೂಕು, ಬಲಗಡೆ ಹ್ಯಾಮರ್ ಎದ್ದು ಕಾಣುತ್ತದೆ. ಬ್ಲೇಡಿನಿಂದ ಸನ್ನೆ ಕೆರೆದು ಹಾಕಿ, ಬಲಗಡೆ ಪುಟ್ಟಿಯ ಸಾಸಿವೆ ಕಾಳಿನಷ್ಟು ಚುಕ್ಕೆ ಇಟ್ಟರೆ ಆಯಿತು. ಯಾರಿಗೂ ಕಾಣುವುದಿಲ್ಲ. ನನಗೆ ಕಾಣುತ್ತದೆ, ಸಾಕು.

ಬಟ್ಟೆಯ ಬಣ್ಣದಲ್ಲಿ ಮಾತ್ರ ಎಡವಿದೆ. ಮೊದಲ ಇಪ್ಪತ್ತು ಜನರಿಗೆ ಕೆಂಪು ಕೋಟು ಬಳಿದುಬಿಟ್ಟೆ, ಅಭ್ಯಾಸ ಬಲ. ಇವರು ಹಾಕಿದ್ದು ಖಾಕಿ. ಎಲ್ಲ ತೊಳೆದು ಮತ್ತೆ ಶುರು ಮಾಡಿದೆ. ಒಂದೇ ಖಾಕಿ ಬಳಿದರೆ ನಿನ್ನೆ ಹೊಲಿಸಿದ ಬಟ್ಟೆಯ ಹಾಗೆ ಕಾಣುತ್ತದೆ. ಬೂದು ಬೆರೆತದ್ದು, ಹಳದಿ ಬೆರೆತದ್ದು, ಬಿಸಿಲಿಗೆ ಬಿಳಚಿದ್ದು ಎಂದು ಮೂರು ಬಗೆ ಕಲಸಿಟ್ಟುಕೊಂಡು ಕಣ್ಣು ಮುಚ್ಚಿ ಹಂಚಿದೆ. ಇನ್ನೊಂದು ವಿಷಯ. ಮೆತ್ತನೆ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ನೀರು ಬೆರೆಸಿದ ಬಿಳಿ ಅಂಟು ಒಂದು ಕೈ ಬಳಿದು, ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯುವಂತೆ ಮಾಡುವ ತಳಲೇಪ ಹೊಡೆಯಬೇಕು. ಇದನ್ನು ಬಿಟ್ಟರೆ ಬಾಗುವ ಬಂದೂಕಿನ ಮೇಲಿನ ಬಣ್ಣ ಒಂದು ವಾರದಲ್ಲಿ ಚಕ್ಕೆ ಏಳುತ್ತದೆ.

ಭಾರತೀಯ ಸಿಪಾಯಿಗಳಿಗೆ ಸ್ನೈಡರ್ ಕೊಟ್ಟಿರಲಿಲ್ಲ. ಅವರದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕು. ಅರೋಗೆಯಲ್ಲಿ 23ನೇ ಪಂಜಾಬ್ ಪಯೋನಿಯರ್ಸ್ ಎಂಬ ಭಾರತೀಯ ದಳ ಸಾಮಾನಿನ ಸಾಲನ್ನು ಕಾಯುತ್ತಿದ್ದಾಗ ಶತ್ರು ಮೈಮೇಲೆ ಬಂದ. ಮತ್ತೆ ಮತ್ತೆ ಮದ್ದು ತುಂಬುತ್ತ ಕೂರಲು ಸಮಯ ಎಲ್ಲಿ? ಬಯೊನೆಟ್ ಹಿಡಿದು ಕೈಕೈ ಮಿಲಾಯಿಸಿದರು. ನನ್ನ ಬೀರುವಿನಲ್ಲಿ ನಿಜಕ್ಕೂ ಹೊಡೆದಾಡುತ್ತಿರುವವರು ಈ ಹನ್ನೆರಡು ಜನ ಮಾತ್ರ. ಅವರೂ ಕಾಯುತ್ತಿರುವುದು ಸಾಮಾನನ್ನೇ ನೋಡಿ. ಬೇರೆ ಸೆಟ್ಟಿನ ಪೇಟದ ತಲೆಗಳನ್ನು ಕತ್ತರಿಸಿ ಅಂಟಿಸಿದೆ. ಕುತ್ತಿಗೆಗೆ ತಂತಿಯ ತುಂಡು ತೂರಿಸಿದರೆ ತಲೆ ಬೀಳುವುದಿಲ್ಲ.

ಇನ್ನು ಆನೆ. ಈ ಅಳತೆಯಲ್ಲಿ ನನಗೆ ಸಿಕ್ಕಿದ್ದು ಪ್ರಾಚೀನ ಕಾರ್ತೇಜಿನ ಸೇನಾಪತಿ ಹನ್ನಿಬಾಲನ ಕಾಲದ ಯುದ್ಧದ ಆನೆಗಳು, ಅಂದರೆ ಆಫ್ರಿಕಾದ ಜಾತಿ. ಮೊರದಂಥ ಕಿವಿ, ತಗ್ಗಿದ ಬೆನ್ನು. ಕಿವಿಯನ್ನು ಅರ್ಧಕ್ಕೆ ಕತ್ತರಿಸಿದೆ. ಬೆನ್ನಿಗೆ ಎಪಾಕ್ಸಿ ಪುಟ್ಟಿ ಮೆತ್ತಿ ಕಮಾನು ಮಾಡಿದೆ. ತಲೆಯ ಮೇಲೆ ಎರಡು ಗುಬ್ಬು. ಎರಡಕ್ಕೆ ದಂತ ತೆಗೆದುಬಿಟ್ಟೆ, ಹೆಣ್ಣಾನೆ ಆದವು. ಮೊದಲ ಆನೆಗೆ ಪುಟ್ಟಿ ಜಾಸ್ತಿಯಾಗಿ ಹಂದಿಯ ಹಾಗೆ ಕಂಡಿತು, ಅದನ್ನು ಸಾಲಿನ ಕೊನೆಗೆ ತಳ್ಳಿದ್ದೇನೆ. ಅಂಬಾರಿ ಕಿತ್ತು ದಪ್ಪ ಗಾದಿ ಹಾಕಿ, ಅದರ ಮೇಲೆ ಆರ್ಮ್‌ಸ್ಟ್ರಾಂಗ್ ಫಿರಂಗಿಯ ಕೊಳವೆಯನ್ನು ಉದ್ದಕ್ಕೆ ಮಲಗಿಸಿದೆ. ಇನ್ನೊಂದಕ್ಕೆ ಎಂಟಂಗುಲದ ಮಾರ್ಟರ್, ಅಂದರೆ ಗುಂಡನ್ನು ಎತ್ತರಕ್ಕೆ ಎಸೆಯುವ ಗಿಡ್ಡ ಫಿರಂಗಿ. ಹಗ್ಗಕ್ಕೆ ಮೇಣ ಸವರಿದ ಹೊಲಿಗೆ ದಾರ. ಮೇಣ ಇಲ್ಲದಿದ್ದರೆ ದಾರದ ರೋಮ ಎದ್ದು ಹಗ್ಗಕ್ಕೆ ಗಡ್ಡ ಬಂದ ಹಾಗೆ ಕಾಣುತ್ತದೆ.

ಹನ್ನೊಂದಕ್ಕೆ ಒಂದರಂತೆ 44 ಆನೆಗೆ ನಾಲ್ಕು. ಅದೇ ಲೆಕ್ಕ ಪ್ರಾಣಿಗಳಿಗೆಲ್ಲ ಹಿಡಿದರೆ ಮೂರು ಸಾವಿರದ ಆರುನೂರು ಬೇಕಾಗುತ್ತಿತ್ತು. ಅರವತ್ತೊಂದಕ್ಕೆ ನಿಲ್ಲಿಸಿದೆ.

ಆ ಅರವತ್ತೊಂದು ನನ್ನ ಎರಡು ವರ್ಷ ತಿಂದವು. ಕುದುರೆ ಬೊಂಬೆಯನ್ನೇ ಹೇಸರಗತ್ತೆ ಮಾಡಬೇಕು. ಕಿವಿ ಉದ್ದ ಮಾಡು, ಜೂಲು ಬೋಳಿಸು, ಬಾಲ ಸಣ್ಣ ಮಾಡು, ತಲೆ ಸ್ವಲ್ಪ ದಪ್ಪಗಿರಲಿ. ಒಂದಕ್ಕೆ ಎರಡು ಸಂಜೆ. ಹೀಗೆ ಹತ್ತು ಮಾಡುವಷ್ಟರಲ್ಲಿ ಸಾಕುಸಾಕಾಯಿತು. ಆಗ ಮೂರು ನಿಲುವಿನ ಪ್ರಾಣಿಗಳನ್ನು ಪುಟ್ಟಿಯಲ್ಲಿ ನಾನೇ ತಿದ್ದಿ, ಸಿಲಿಕೋನ್ ಅಚ್ಚು ತೆಗೆದು, ಅದಕ್ಕೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಎರೆಯಲು ಶುರು ಮಾಡಿದೆ. ಇನ್ನೊಬ್ಬರು ಮಾಡಿದ ಬೊಂಬೆಗೆ ಅಚ್ಚು ತೆಗೆಯಬಾರದು, ಅದು ಕಳ್ಳತನ. ನಮ್ಮದೇ ಆದರೆ ಎಷ್ಟಾದರೂ ಎರೆಯಬಹುದು.

ಮೊದಲ ಸರದಿಯಲ್ಲಿ ಒಂದಕ್ಕೂ ಕಿವಿ ಬರಲಿಲ್ಲ. ಕಿವಿಯ ತುದಿ ಅಚ್ಚಿನಲ್ಲಿ ಸೂಜಿಯಂಥ ಕಿಂಡಿ, ಅಲ್ಲಿ ಗಾಳಿ ಸಿಕ್ಕಿಕೊಂಡು ರೆಸಿನ್ ಇಳಿಯುತ್ತಿರಲಿಲ್ಲ. ಕಿವಿಯಿಲ್ಲದ ಹೇಸರಗತ್ತೆ ಅಂದರೆ ಬರೀ ಬಡಕಲು ಕುದುರೆ, ಅಲ್ವಾ? ಕೊನೆಗೆ ಉಪಾಯ ಸಿಕ್ಕಿತು. ಅಚ್ಚು ಮುಚ್ಚುವ ಮೊದಲು ಹಲ್ಲುಕಡ್ಡಿಯಲ್ಲಿ ಒಂದೊಂದು ಹನಿ ರೆಸಿನ್ ತೆಗೆದುಕೊಂಡು ಕಿವಿಯ ಕಿಂಡಿಗೆ ಚುಚ್ಚಿ ಚುಚ್ಚಿ ತುಂಬುವುದು, ಆಮೇಲೆ ಉಳಿದದ್ದನ್ನು ಕಾಲಿನ ಕಡೆಯಿಂದ ಎರೆಯುವುದು. ಹತ್ತಕ್ಕೆ ಎಂಟು ಸರಿ ಬಂದವು.

ಹೇರುಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ಮಾಡಿದೆ. ಹುಲ್ಲಿನ ಹೊರೆ, ಹಿಟ್ಟಿನ ಮೂಟೆ, ಡೇರೆ, ನೀರಿನ ಪೀಪಾಯಿ, ಗುಡ್ಡಗಾಡಿನ ಚಿಕ್ಕ ಫಿರಂಗಿಯ ಬಿಡಿಭಾಗ. ಜೂಲಾದಲ್ಲಿ ಕುಡಿಯುವ ನೀರಿಗೇ ತತ್ವಾರ. ಹಡಗುಗಳಲ್ಲಿ ಸಮುದ್ರದ ನೀರನ್ನು ಕಾಯಿಸಿ ಭಟ್ಟಿ ಇಳಿಸಿ ದಡಕ್ಕೆ ಕೊಡುತ್ತಿದ್ದರು. ನೀರಿಲ್ಲದೆ, ನೋಡಿಕೊಳ್ಳುವವರಿಲ್ಲದೆ ಎಷ್ಟೋ ಪ್ರಾಣಿಗಳು ಆ ಮರಳಲ್ಲೇ ಸತ್ತವು. ಅದಕ್ಕೇ ಸಾಲಿನ ಬಾಲದಲ್ಲಿ ಒಂದು ಬಿದ್ದುಕೊಂಡಿದೆ. ನಾಲ್ಕು ಹೇಸರಗತ್ತೆಗಳ ಮೇಲೆ ಚಿಕ್ಕ ಚೌಕದ ಪೆಟ್ಟಿಗೆಗಳಿವೆ. ಅವು ಹಣ. ಇಥಿಯೋಪಿಯಾದ ಜನ ಆಗ ಒಪ್ಪುತ್ತಿದ್ದದ್ದು ಆಸ್ಟ್ರಿಯಾದ ಮರಿಯಾ ತೆರೇಸಾ ತಾಲರ್ ಎಂಬ ಬೆಳ್ಳಿ ನಾಣ್ಯ, 1780 ಎಂದು ಇಸವಿ ಇರುವುದು. ದಾರಿಯುದ್ದಕ್ಕೂ ಮೇವು, ಕಾಳು ಕೊಳ್ಳಲು ಈ ನಾಣ್ಯವನ್ನು ಲಕ್ಷಗಟ್ಟಲೆ ಹೊತ್ತು ಹೋದರು. ಹೀಗೆ ದುಡ್ಡು ಕೂಡ ಹೇರೇ ಆಯಿತು.

ಇಥಿಯೋಪಿಯಾದ ಯೋಧರ ಬೊಂಬೆ ಸಿಕ್ಕರೂ ಅವು ಇಟಲಿಯವರ ಜೊತೆ ನಡೆದ 1896ರ ಅದ್ವಾ ಕಾಳಗದವು. ಆ ಹೊತ್ತಿಗೆ ಅವರ ಕೈಗೆ ಹೊಸ ರೈಫಲ್ ಬಂದಿತ್ತು. ಅದನ್ನು ಕತ್ತರಿಸಿ ಈಟಿಯನ್ನೋ, ಬತ್ತಿಯ ಕಿಡಿಯಿಂದ ಹಾರುವ ಹಳೆಯ ಜಾಮಗಿ ಬಂದೂಕನ್ನೋ ಕೊಟ್ಟೆ. ಮೈಮೇಲಿನ ಶಮ್ಮಾ ಅಂದರೆ ಹತ್ತಿಯ ಬಿಳಿ ಹೊದಿಕೆ, ಕೆಲವರದಕ್ಕೆ ಅಗಲವಾದ ಕೆಂಪು ಪಟ್ಟಿ. ತೆಳು ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ಹೊದಿಸಿದರೆ ನೆರಿಗೆ ತಾನಾಗಿ ಬೀಳುತ್ತದೆ. ಬಿಳಿಯನ್ನು ನೇರವಾಗಿ ಬಳಿಯಬೇಡಿ, ಸುಣ್ಣ ಹೊಡೆದ ಗೋಡೆಯಾಗುತ್ತದೆ. ತಿಳಿಕಂದಿನಿಂದ ಶುರು ಮಾಡಿ ಮೇಲೆ ಮೇಲೆ ಬಿಳಿ ತನ್ನಿ. ಅರೋಗೆಯಲ್ಲಿ ಇವರ ಕಡೆ ಸುಮಾರು 700 ಜನ ಸತ್ತರು. ಎದುರಿನವರಲ್ಲಿ ಇಪ್ಪತ್ತು ಜನಕ್ಕೆ ಗಾಯ, ಅವರಲ್ಲಿ ಇಬ್ಬರು ಆಮೇಲೆ ತೀರಿಕೊಂಡರು. ಇದನ್ನು ಓದಿದ ಮೇಲೆ ಅರೋಗೆಯ ಕಾಳಗವನ್ನು ದೊಡ್ಡದಾಗಿ ಮಾಡುವ ಆಸೆ ಹೋಯಿತು.

ತೆವೊದ್ರೋಸನನ್ನೂ ಹೊರುವ ಕೆಲಸದಲ್ಲೇ ನಿಲ್ಲಿಸಿದ್ದೇನೆ. ಗಾಫಾತ್ ಎಂಬ ಊರಿನಲ್ಲಿ ಯುರೋಪಿನ ಕುಶಲಕರ್ಮಿಗಳಿಂದ ಅವನು 'ಸೆವಾಸ್ತೊಪೋಲ್' ಎಂಬ ಭಾರಿ ಮಾರ್ಟರ್ ಎರಕ ಹೊಯ್ಯಿಸಿದ. ಅದನ್ನು ನೂರಾರು ಜನ ಎಳೆದುಕೊಂಡು, ದಾರಿ ಕಡಿದುಕೊಂಡು ಮಗ್ದಲಾಕ್ಕೆ ತಂದರು. ಇಂದಿಗೂ ಅದು ಅಲ್ಲೇ ಬೆಟ್ಟದ ಮೇಲೆ ಬಿದ್ದಿದೆ. ನನ್ನದು ಔಷಧಿ ಬಾಟಲಿಯ ಮುಚ್ಚಳಕ್ಕೆ ಪುಟ್ಟಿ ಮೆತ್ತಿ, ಕಂಚಿನ ಬಣ್ಣ ಬಳಿದದ್ದು. ಪಕ್ಕದಲ್ಲಿ ಹಗ್ಗಕ್ಕೆ ಕೈಹಾಕಿ ನಿಂತ ದೊರೆ. ಏಪ್ರಿಲ್ 13ರಂದು ಕೋಟೆ ಬಿದ್ದಾಗ ಅವನು ಗುಂಡು ಹಾರಿಸಿಕೊಂಡು ಸತ್ತ. ವಿಕ್ಟೋರಿಯಾ ರಾಣಿಯೇ ಉಡುಗೊರೆ ಕೊಟ್ಟಿದ್ದ ಪಿಸ್ತೂಲು. ಆ ದೃಶ್ಯವನ್ನು ಬೊಂಬೆಯಲ್ಲಿ ಮಾಡುವ ಮನಸ್ಸಾಗಲಿಲ್ಲ.

ಕೋಟೆಬಾಗಿಲಿನದು ಒಂದು ತಮಾಷೆ. ಬಾಗಿಲು ಒಡೆಯಬೇಕಾದ ಇಂಜಿನಿಯರುಗಳು ಅಲ್ಲಿಗೆ ಹೋಗಿ ನೋಡಿದರೆ ಮದ್ದೂ ಇಲ್ಲ, ಏಣಿಯೂ ಇಲ್ಲ, ಹಿಂದೆ ಮರೆತು ಬಂದಿದ್ದರು! ನಲವತ್ತು ಸಾವಿರ ಪ್ರಾಣಿಗಳ ಮೇಲೆ ಪ್ರಪಂಚವನ್ನೇ ಹೊರಿಸಿ, ಬೇಕಾದದ್ದನ್ನೇ ಬಿಟ್ಟು ಬಂದರು. ಕೊನೆಗೆ 33ನೇ ರೆಜಿಮೆಂಟಿನ ಬರ್ಗಿನ್ ಮತ್ತು ಮ್ಯಾಗ್ನರ್ ಎಂಬ ಇಬ್ಬರು ಮುಳ್ಳುಬೇಲಿ ದಾಟಿ ಗೋಡೆ ಹತ್ತಿದರು. ಇಬ್ಬರಿಗೂ ಬ್ರಿಟನ್ನಿನ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನನ್ನ ಸಾಲಿನಲ್ಲಿ ಏಣಿ ಹೊತ್ತ ಒಂದು ಹೇಸರಗತ್ತೆ ಇದೆ. ಬೇಕೆಂದೇ ಎಲ್ಲರಿಗಿಂತ ಹಿಂದೆ ಇಟ್ಟಿದ್ದೇನೆ.

ಕೈ ಸುಟ್ಟುಕೊಂಡ ಎರಡು ಸಂಗತಿ ಹೇಳಿಬಿಡುತ್ತೇನೆ. ಒಂದು, ತೇವದ ದಿನ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ಒಂಬತ್ತು ಪಂಜಾಬಿಗಳ ಮೇಲೆ ಇಬ್ಬನಿ ಬಿದ್ದ ಹಾಗೆ ಬಿಳಿ ಮಬ್ಬು ಕೂತಿತು. ಈಗ ಬ್ರಷ್ಷಿನಲ್ಲೇ ಬಳಿಯುತ್ತೇನೆ. ಎರಡು, ಸೀಸದ ಕೆಲವು ಹಳೆಯ ಬೊಂಬೆಗಳನ್ನು ಓಕ್ ಮರದ ಚಂದದ ಪೆಟ್ಟಿಗೆಯಲ್ಲಿಟ್ಟೆ. ವರ್ಷ ಕಳೆದು ತೆಗೆದರೆ ಮೈಯೆಲ್ಲ ಬಿಳಿ ಪುಡಿ. ಓಕ್ ಮರ ಬಿಡುವ ಆಮ್ಲದ ಆವಿ ಸೀಸವನ್ನು ತಿಂದುಹಾಕುತ್ತದಂತೆ. ಆ ಪುಡಿ ವಿಷ, ಊದಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಈಗ ಆನೆಗಳ ಹೇರನ್ನು ಬಿಚ್ಚಿ ಬದಲಿಸುವಂತೆ ಗಾದಿಯೊಳಗೆ ಪುಟ್ಟ ಅಯಸ್ಕಾಂತ ಕೂರಿಸುತ್ತಿದ್ದೇನೆ. ಹೋಗುವಾಗ ಫಿರಂಗಿ ಸರಿ. ಆದರೆ ಬರುವಾಗ ಮಗ್ದಲಾದಲ್ಲಿ ದೋಚಿದ್ದನ್ನು 15 ಆನೆ ಮತ್ತು ಸುಮಾರು 200 ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋದರು. ಹಸ್ತಪ್ರತಿಗಳು, ಕಿರೀಟ, ಶಿಲುಬೆಗಳು. ದೊರೆಯ ಕೂದಲನ್ನೂ ಬಿಡಲಿಲ್ಲ, ಅದು ಲಂಡನ್ನಿನ ಮ್ಯೂಸಿಯಮ್ಮಿನಿಂದ ಇಥಿಯೋಪಿಯಾಕ್ಕೆ ಮರಳಿದ್ದು 2019ರಲ್ಲಿ. ಬಟ್ಟೆಯಲ್ಲಿ ಸುತ್ತಿದ ಪುಸ್ತಕದ ಗಂಟುಗಳನ್ನು ಮಾಡಿ ಒಣಗಲು ಇಟ್ಟಿದ್ದೇನೆ. ನನ್ನ ಲೆಕ್ಕದಲ್ಲಿ ಹದಿನೈದು ಆನೆ ಅಂದರೆ ಒಂದೂ ಚಿಲ್ಲರೆ ಆನೆ. ಆ ಹಂದಿಯಂಥದ್ದಕ್ಕೆ ಹೊರಿಸಲೋ, ಚಂದದ್ದಕ್ಕೆ ಹೊರಿಸಲೋ, ಇನ್ನೂ ತೀರ್ಮಾನ ಆಗಿಲ್ಲ.