ಕುರು ಹಿಂಡದೆ ಒಡೆಸಿದ್ದು: ಬಿಸಿ ಬಟ್ಟೆಯ ಲೆಕ್ಕ

ಬರೀ ಬಿಸಿನೀರಿಗೆ ಕುರು ಒಡೆಯುತ್ತದೆಯೇ ಎಂದು ತಲೆ ಅಲ್ಲಾಡಿಸಿದವರೇ ಹೆಚ್ಚು. ಒಡೆಯುತ್ತದೆ. ಆದರೆ ದಿನಕ್ಕೊಮ್ಮೆ ಎರಡು ನಿಮಿಷ ಒತ್ತಿ ಎದ್ದುಬಿಟ್ಟರೆ ಅಲ್ಲ. ಮೊದಮೊದಲು ನಾನು ಸೋತದ್ದೆಲ್ಲ ಅಲ್ಲೇ.

ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮುಂಗೈ ಒಳಬದಿ ತಡೆಯುವಷ್ಟು ಬಿಸಿಯ ನೀರಲ್ಲಿ, ಅಂದಾಜು 40 ಡಿಗ್ರಿ, ಅದ್ದಿ ಹಿಂಡಿ ಕುರುವಿನ ಮೇಲಿಡಬೇಕು. ಎರಡು ಮೂರು ನಿಮಿಷಕ್ಕೇ ಬಟ್ಟೆ ತಣ್ಣಗಾಗುತ್ತದೆ, ಶಾಖ ಕೈಕೊಡುವುದು ಇಲ್ಲೇ. ಹಾಗಾಗಿ ಎರಡು ಬಟ್ಟೆ, ಒಂದು ಇಳಿಯುವಷ್ಟರಲ್ಲಿ ಇನ್ನೊಂದು. 10–15 ನಿಮಿಷ, ದಿನಕ್ಕೆ 3–4 ಸಲ. ಬೆನ್ನಿನ ಮೇಲೆ ಬಟ್ಟೆ ಜಾರದಂತೆ ನಿಲ್ಲಿಸಲು ನನ್ನದೇ ಒಂದು ಕಟ್ಟು ಇದೆ. ಅದನ್ನು ಬರೆದು ತಿಳಿಸಲಾಗದು, ಕೈಯಲ್ಲೇ ತೋರಿಸಬೇಕು.

ಕಲ್ಲಿನಂಥ ಕೆಂಪು ಗಂಟು ಸುಮಾರು ವಾರದೊಳಗೆ ಮೆತ್ತಗಾಗಿ ನಡುವೆ ಹಳದಿ ಮೂತಿ ಬರುತ್ತದೆ. ಆಗ ಕೈ ತುರಿಸುತ್ತದೆ. ಹಿಂಡಲೇಬೇಡಿ, ಸೂಜಿ ಚುಚ್ಚಬೇಡಿ. ಹಿಂಡಿದರೆ ಕೀವು ಒಳಗೂ ನುಗ್ಗಬಹುದು, ಒಂದು ಕುರು ಇದ್ದ ಕಡೆ ಎರಡಾಗಬಹುದು. ತಾನಾಗಿ ಒಡೆದಾಗ ಮೊದಲು ಕೀವು, ರಕ್ತ, ಆಮೇಲೆ ಕೆಲವೊಮ್ಮೆ ಬಿಳಿ ಆಣಿ ಜಾರಿ ಬರುತ್ತದೆ. ಸಿಡಿತ ಆ ಕ್ಷಣಕ್ಕೇ ಇಳಿಯುತ್ತದೆ. ಒಡೆದ ಮೇಲೂ ಮೂರು ದಿನ ಶಾಖ ಬಿಡಬಾರದು, ಆದರೆ ಕೀವು ತಾಗಿದ ಬಟ್ಟೆ ಮತ್ತೆ ಪಾತ್ರೆಗೆ ಇಳಿಯಬಾರದು. ಗಾಯವನ್ನು ಸೋಪಿನಲ್ಲಿ ತೊಳೆದು ಒಣ ಗಾಜ್ ಬಟ್ಟೆ ಕಟ್ಟಿ, ಒದ್ದೆಯಾದ ಕೂಡಲೇ ಬದಲಿಸಿ.

ನನ್ನ ಹಣ ಸುರಿದುಹೋದದ್ದು ಮುಲಾಮುಗಳಿಗೆ. ಮೇಲೆ ಹಚ್ಚಿದ್ದು ಕೀವಿನ ಗೂಡಿಗೆ ಇಳಿಯುವುದಿಲ್ಲ. ನುಂಗುವ ಆಂಟಿಬಯಾಟಿಕ್ ಕೂಡ ಗೂಡಿನೊಳಗೆ ಸರಿಯಾಗಿ ಸೇರುವುದಿಲ್ಲ, ಅದಕ್ಕೇ ದೊಡ್ಡ ಬಾವನ್ನು ವೈದ್ಯರು ಕೊಯ್ದು ಖಾಲಿ ಮಾಡುವುದು. ನೀರಿಗೆ ಉಪ್ಪು ಹಾಕಿ ನೋಡಿದೆ, ವ್ಯತ್ಯಾಸವೇ ಕಾಣಲಿಲ್ಲ. ಟೂತ್‌ಪೇಸ್ಟ್ ಹಚ್ಚಿದ್ದಕ್ಕೆ ಸುತ್ತಲ ಚರ್ಮ ಉರಿದು ಸುಲಿಯಿತಷ್ಟೇ.

ಮನೆಯಲ್ಲಿ ಮುಟ್ಟಬಾರದವೂ ಇವೆ: ಮೂಗು, ಮೇಲ್ದುಟಿ, ಕಣ್ಣಿನ ಹತ್ತಿರದವು, ಬೆನ್ನುಮೂಳೆಯ ಮೇಲಿನವು, ಹಲವು ಬಾಯಿಗಳ ಗುಂಪುಗುರು, ಐದು ಸೆಂಟಿಮೀಟರ್ ದಾಟಿದವು. ಜ್ವರ ಬಂದರೆ, ಕುರುವಿನಿಂದ ಚರ್ಮದ ಮೇಲೆ ಕೆಂಪು ಗೆರೆ ಹರಿದರೆ, ಎರಡು ವಾರಕ್ಕೂ ಇಳಿಯದಿದ್ದರೆ, ಮಧುಮೇಹ ಇದ್ದರೆ, ಎಳೆಮಗುವಿಗಾದರೆ ಸೀದಾ ವೈದ್ಯರ ಬಳಿಗೆ. ಕಂಕುಳು, ತೊಡೆಸಂದಿಯಲ್ಲಿ ಪದೇಪದೇ ಎದ್ದು ಕಲೆಗಟ್ಟುವುದು ಬೇರೆಯೇ ಕಾಯಿಲೆ ಇರಬಹುದು, ಅದನ್ನೂ ತೋರಿಸಿ.

ಮತ್ತೆ ಮತ್ತೆ ಬರುವ ಕುರುವಿನ ಬೇರು ಬಹಳ ಸಲ ಮೂಗಿನಲ್ಲಿರುತ್ತದೆ. ಕುರು ಎಬ್ಬಿಸುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನೊಳಗೆ ಸದ್ದಿಲ್ಲದೆ ಇರುತ್ತದೆ. ಮೂಗು ಮುಟ್ಟಿದ ಬೆರಳು, ಶೇವ್ ಮಾಡಿದ ಗೀರು, ಬಿಗಿ ಉಡುಪು ಉಜ್ಜಿದ ಬೆವರು ಚರ್ಮ, ಅಲ್ಲಿಂದ ಕೂದಲಿನ ಬುಡಕ್ಕೆ. ಇದನ್ನು ತಿಳಿದ ಮೇಲೇ ನನ್ನ ವಿಧಾನ ಪೂರ್ತಿಯಾಗಿ ಕೂತದ್ದು. ವೈದ್ಯರು ಬರೆದುಕೊಟ್ಟ ಮ್ಯುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಮೂಗಿನೊಳಗೆ ದಿನಕ್ಕೆರಡು ಸಲ, ಐದು ದಿನ. ಅಷ್ಟೂ ದಿನ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರವ ಹಚ್ಚಿ ಸ್ನಾನ, ಕಣ್ಣು ಕಿವಿಗೆ ತಾಗದಂತೆ. ಟವೆಲ್, ರೇಜರ್ ಪ್ರತ್ಯೇಕ, ದಿಂಬಿನ ಕವರು ದಿನವೂ ಬದಲು, ಬಟ್ಟೆಯೆಲ್ಲ 60 ಡಿಗ್ರಿ ನೀರಲ್ಲಿ ಒಗೆತ. ಮನೆಯಲ್ಲಿ ಇನ್ನೊಬ್ಬರಿಗೂ ಕುರು ಏಳುತ್ತಿದ್ದರೆ ಇಬ್ಬರ ಚಿಕಿತ್ಸೆಯೂ ಅದೇ ವಾರ ಒಟ್ಟಿಗೆ ನಡೆಯಬೇಕು.